ಅಡವಿವಂಕದ ಮೊದಲ ನೀರು

ಆ ದಿನ ನಾವು ಅಡವಿವಂಕದ ಕೆಳಗಿನ ತಿರುವಿನಲ್ಲಿ ಹೂಳೆತ್ತುತ್ತಿದ್ದೆವು. ಕಡು ಬೇಸಿಗೆ. ಹರಿಯುವ ನೀರು ನಿಂತು ಬಹಳ ದಿನವಾಗಿತ್ತು. ಬಂಡೆಯಡಿಯ ಮಡುವಿನಲ್ಲಿ ಮಾತ್ರ ಮೊಣಕಾಲುದ್ದ ಉಳಿದಿತ್ತು. ನಮ್ಮ ಕಡೆ ಹಳ್ಳಕ್ಕೆ ವಂಕ ಎನ್ನುತ್ತಾರೆ. ಇದು ಚಿನ್ನದ ಗಣಿಗಳ ಊರಿಗಾಮಿನ ಆಚೆಯ ಗುಡ್ಡಗಳಲ್ಲಿ ಹುಟ್ಟಿ, ಚಿಂತಲಹಳ್ಳಿಯ ಹೊಲಗಳ ನಡುವೆ ಬಳಸಿಕೊಂಡು ಬಂದು, ಮುಂದೆ ಪಾಲಾರಿಗೆ ಸೇರುವ ಸಣ್ಣ ವಂಕ. ಅದರ ದಂಡೆ, ಕಾಲುವೆ, ತೂಬುಗಳನ್ನು ನೋಡಿಕೊಳ್ಳುವ ಮರಾಮತ್ ಮೇಸ್ತ್ರಿ ನಾನು. ಚಿಂತಲಹಳ್ಳಿಗೆ ಮನೆಅಳಿಯನಾಗಿ ಬಂದವನು.

ಮಧ್ಯಾಹ್ನ ನನ್ನ ಹೆಂಡತಿ ನಾರಾಯಣಮ್ಮ ಮುದ್ದೆ, ಉಪ್ಸಾರು ತಂದಳು. ನಮ್ಮ ಆಳುಗಳಲ್ಲಿ ದೊರೆಸ್ವಾಮಿ ಎಂಬುವನಿದ್ದ. ನಂದಿದುರ್ಗ ಎಂಬ ಚಿನ್ನದ ಗಣಿಯ ಕೂಲಿಗಳ ಲೈನುಮನೆಯವನು, ತಮಿಳಿನವನು. ನೆಲದೊಳಗಿನ ಕೆಲಸ ಸಾಕಾಗಿ, ಬಿಸಿಲು ಬೀಳುವ ಕೆಲಸ ಬೇಕೆಂದು ನಮ್ಮ ಬಳಿ ಬಂದಿದ್ದ. ಮೂರು ಭಾಷೆಯನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ.

"ಅಕ್ಕಾ, ದೊಡ್ ಮೀನೆಲ್ಲಾ ಬಾವೀಗ್ ಸೇರಿಸ್ಬುಟ್ಟೆ. ನಮ್ಗೆ ಬರೀ ಉಪ್ಪುನೀರೇನಾ?" ಎಂದ.

"ನಿನ್ ಪಾಲು ಮೊನ್ನೇನೇ ತಿಂದ್ಯಲ್ಲೋ. ಮುಳ್ಳು ಗಂಟ್ಲಾಗ್ ಸಿಕ್ಕಂಡು ಕುಣಿದಿದ್ದು ಮರ್ತೋಯ್ತಾ?"

"ಅದು ಮುಳ್ಳಲ್ಲಕ್ಕಾ, ನಿನ್ ಸಾರಿನ್ ಕಾರ. ಎನ್ನ ಕಾರಂ, ಅಯ್ಯಯ್ಯೋ!"

ಎಲ್ಲರೂ ನಕ್ಕರು. ಉಂಡು, ಹೊಂಗೆಯ ನೆರಳಿನಲ್ಲಿ ಸ್ವಲ್ಪ ಹೊತ್ತು ಒರಗಿ, ಮತ್ತೆ ಗುದ್ದಲಿ ಹಿಡಿದೆವು. ನಾಳೆ ತೂಬಿನ ಕಲ್ಲು ಕೂರಿಸೋಣ ಎಂದುಕೊಂಡು ಸಂಜೆಗೆ ಮನೆಗೆ ಹೋದೆವು. ಹೇಳಿಕೊಳ್ಳುವಂಥದ್ದು ಏನೂ ಇಲ್ಲದ ದಿನ. ನಾರಾಯಣಮ್ಮ ಹೋಗಿ ಅರ್ಧ ವರ್ಷವಾಗುತ್ತ ಬಂದಿರುವ ಈಗ ನನಗೆ ಹೆಚ್ಚು ನೆನಪಾಗುವುದು ಆ ದಿನವೇ.

ಇದನ್ನು ಬರೆಯಲು ಹೇಳಿದವರು ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು. ಹಾಳಾದ ಹಳ್ಳವನ್ನು ಹೇಗೆ ಸರಿಪಡಿಸುವುದು ಎಂದು ಕೇಳುತ್ತಾರೆ. ನಾನು ಕೂಲಿಯಿಂದ ಮೇಸ್ತ್ರಿಯಾದದ್ದು, ಸಂಬಳ ಏರಿದ್ದು ಯಾರಿಗೂ ಬೇಡ. ಒಂದು ವಂಕದ ಮೇಲೆ ಆಯುಸ್ಸು ಕಳೆದೆ. ಅದನ್ನಷ್ಟೇ ಹೇಳಬಲ್ಲೆ.

ಮೊದಲು ಬಾವಿಯ ವಿಷಯ ಹೇಳಬೇಕು. ಚಿಂತಲಹಳ್ಳಿಯಲ್ಲಿ ಒಂದು ಪದ್ಧತಿಯಿತ್ತು. ಬೇಸಿಗೆಯಲ್ಲಿ ಮಡು ಇಂಗುತ್ತ ಬಂದಾಗ ಊರೆಲ್ಲ ಇಳಿದು ಮೀನು ಹಿಡಿಯುತ್ತದೆ. ಆದರೆ ಕೊರಮೀನಿನ ದೊಡ್ಡ ಜೋಡಿಗಳನ್ನು ಯಾರೂ ತಿನ್ನುವಂತಿಲ್ಲ. ಅವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಊರ ಮೆಟ್ಟಿಲುಬಾವಿಗೆ ಬಿಡಬೇಕು. ಕೊರಮೀನು ಗಟ್ಟಿ ಜೀವ. ಮೇಲೆ ಬಂದು ಗಾಳಿ ಕುಡಿದು ಹೋಗುತ್ತದೆ, ಕಡಿಮೆ ನೀರಿನಲ್ಲೂ ಬದುಕುತ್ತದೆ. ಮುಂಗಾರಿನ ಮೊದಲ ನೀರು ವಂಕದಲ್ಲಿ ಕೆಂಪಗೆ ಹರಿದು ಬಂದ ದಿನ ತಮಟೆ ಬಾರಿಸಿಕೊಂಡು ಅವನ್ನು ಮತ್ತೆ ಮಡುವಿಗೆ ಬಿಡುತ್ತಾರೆ. ಮೀನು ಹೊಸ ನೀರಿಗೆ ಎದುರು ಈಜಿ ಮೊಟ್ಟೆ ಇಡುತ್ತದೆ ಎಂಬುದು ಊರಿನ ಅನುಭವ. ಕೆಲವು ದಿನಗಳಲ್ಲಿ ಮರಿಗಳು ನೀರಿನ ಮೇಲೆ ಕೆಂಪು ಕಂಬಳಿಯ ತುಂಡಿನಂತೆ ಗುಂಪಾಗಿ ತೇಲುತ್ತವೆ. ಕೆಳಗೆ ತಾಯಿ ತಂದೆ ಎರಡೂ ಕಾವಲಿರುತ್ತವೆ. ಆ ಗುಂಪು ಕಂಡರೆ ವಂಕ ಬಸುರಾಯಿತು ಎನ್ನುತ್ತಿದ್ದರು.

ಬಾವಿಯ ಮೀನು ಕಾಯುವುದು ಊರಿನ ಹೊಲಗಳಿಗೆ ನೀರು ಹಂಚುವ ನೀರುಗಂಟಿಯ ಮನೆಯ ಹೆಣ್ಣಿನ ಕೆಲಸ. ಅತ್ತೆ ಕಾದಿದ್ದರು, ಅವರ ನಂತರ ಅವರ ಮಗಳು ನಾರಾಯಣಮ್ಮ. ಬೇಸಿಗೆಯುದ್ದಕ್ಕೂ ಕಪ್ಪೆಮರಿ, ಹುಳುಹುಪ್ಪಟೆ ಹಿಡಿದು ತಂದು ಹಾಕುತ್ತಿದ್ದಳು. ನಾನು ಗೇಲಿ ಮಾಡಿದರೆ, "ನೀನು ಈ ಮನೇಗ್ ಬಂದಿದ್ದು ಮೊನ್ನೆ. ಅವು ನಿನ್ಗಿಂತ ಮುಂಚೆ ಬಂದಿದ್ದು" ಎನ್ನುವಳು.

ನಾವು ಹೂಳೆತ್ತಿ ಬಂದ ಆ ದಿನದ ರಾತ್ರಿ ಭರಣಿ ಮಳೆ ಹೊಡೆಯಿತು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು ಎಲ್ಲರೂ ಸಂತೋಷಪಟ್ಟರು. ಬೆಳಿಗ್ಗೆ ಗುದ್ದಲಿ ಹೊತ್ತು ಹೋದರೆ ವಂಕ ಇರಲಿಲ್ಲ. ಅದರ ಜಾಗದಲ್ಲಿ ಹಿಟ್ಟಿನಂಥ ಬೂದು ಮರಳು ದಂಡೆಯಿಂದ ದಂಡೆಗೆ ತುಂಬಿ ನಿಂತಿತ್ತು. ಮಡು ಮುಚ್ಚಿಹೋಗಿತ್ತು. ಅಲ್ಲಲ್ಲಿ ಏಡಿಗಳು ಮರಳಿನ ಮೇಲೆ ಬಂದು ಸತ್ತಿದ್ದವು.

ಮೇಲೆ, ಬಹಳ ಹಿಂದೆಯೇ ಕೆಲಸ ನಿಂತುಹೋಗಿದ್ದ ಒಂದು ಪುಟ್ಟ ಗಣಿಯ ದಿಬ್ಬವಿತ್ತು. ಚಿನ್ನಕ್ಕಾಗಿ ಕಲ್ಲನ್ನು ನುಣ್ಣಗೆ ಅರೆದು, ಸೈನೈಡ್ ನೀರಿನಲ್ಲಿ ತೊಳೆದು, ಉಳಿದ ಪುಡಿಯನ್ನು ಸುರಿದ ದಿಬ್ಬ. ಅದರ ಒಂದು ಪಕ್ಕೆ ಜಾರಿ ಬಂದಿತ್ತು. ಗಣಿ ನಡೆಸಿದವರು ಯಾವಾಗಲೋ ಮುಚ್ಚಿಕೊಂಡು ಹೋಗಿದ್ದರು. ಕೇಳೋಣವೆಂದರೆ ಯಾರೂ ಇರಲಿಲ್ಲ. ವಂಕದ ಕೆಲಸ ಇಲಾಖೆಯ ಮೇಲೆ, ಎಂದರೆ ನಮ್ಮ ಮೇಲೆ ಬಿತ್ತು.

ನಾರಾಯಣಮ್ಮ ದಂಡೆಗೆ ಬಂದು ನೋಡಿದಳು. ಅಳಲಿಲ್ಲ. "ನಮ್ ಜೋಡಿಗಳು ಬಾವೀಲ್ ಅವೆ" ಎಂದಳು. ಆಗ ನನಗೂ ಹೊಳೆಯಿತು. ವಂಕದಲ್ಲಿ ಉಸಿರಿದ್ದದ್ದೆಲ್ಲ ಹೋಗಿತ್ತು. ಇನ್ನು ಈ ವಂಕಕ್ಕೆ ಕೊರಮೀನು ಎಂದರೆ ಬಾವಿಯಲ್ಲಿರುವುದೇ.

ಆ ಬೇಸಿಗೆ ಉಳಿದ ದಿನವೆಲ್ಲ ಮರಳು ಎತ್ತಿದೆವು. ಎತ್ತಿದಷ್ಟೂ ಇತ್ತು. ಅಷ್ಟರಲ್ಲಿ ದೊಡ್ಡ ಇಂಜಿನಿಯರ್ ದೊರೆ ಕುದುರೆಯ ಮೇಲೆ ಬಂದು ನೋಡಿದರು. ಒಳ್ಳೆಯ ಮನುಷ್ಯ, ಆಳುಗಳ ಜೊತೆ ಬಿಸಿಲಿನಲ್ಲೇ ನಿಲ್ಲುತ್ತಿದ್ದರು. ವಂಕ ಬಳುಕುವುದರಿಂದಲೇ ಮರಳು ನಿಲ್ಲುತ್ತದೆ, ನೆಟ್ಟಗೆ ತೆಗೆಯಿರಿ, ಎರಡೂ ಕಡೆ ಕಲ್ಲು ಕಟ್ಟಿರಿ, ನೀರೇ ಮರಳನ್ನು ತೊಳೆದುಕೊಂಡು ಹೋಗುತ್ತದೆ ಎಂದರು. ನಮಗೂ ಸರಿಯೆನ್ನಿಸಿತು. ಹಗ್ಗ ಹಿಡಿದು, ಗೂಟ ಹೊಡೆದು, ನೆಟ್ಟಗೆ ಕಟ್ಟಿದೆವು. ಮುಗಿದಾಗ ನೋಡಲು ಬಲು ಚೆಂದ. ಕಟ್ಟಿದ ಕಲ್ಲಿನ ಮೇಲೆ ಕೂತು ವೀಳ್ಯ ಹಾಕಿಕೊಂಡೆವು.

ಮಳೆಗಾಲದಲ್ಲಿ ನೀರು ಬಂತು. ಬಳುಕುವಾಗ ಅದಕ್ಕೆ ಆಯಾಸವಾಗುತ್ತಿತ್ತೇನೋ. ನೆಟ್ಟಗಿನ ದಾರಿ ಸಿಕ್ಕ ಮೇಲೆ ಅದನ್ನು ಹಿಡಿಯುವವರಿಲ್ಲ. ತಳ ಕೊರೆಯಿತು. ಗೋಡೆಯ ಬುಡ ಬರಿದಾಗಿ ಎರಡೂ ಕಡೆಯ ಕಲ್ಲು ಒಳಕ್ಕೆ ಮಗುಚಿದವು. ಕೆಳಗಿನ ಹೊಲಗಳಿಗೆ ಮರಳು ನುಗ್ಗಿತು.

"ದೊರೆ ನೀರ್ಗೆ ರೈಲು ದಾರಿ ಹಾಕ್ಸವ್ರೆ, ಅದೂ ರೈಲಿನಂಗೇ ಓಯ್ತು, ಮೇಸ್ತ್ರಿಯಣ್ಣ. ಇಳಿಯಾಕ್ ಸ್ಟೇಷನ್ನೇ ಇಲ್ವಲ್ಲ, ಪಾವಂ!" ಎಂದ ದೊರೆಸ್ವಾಮಿ. ಹೊಲದವರು ಹತ್ತಿರವೇ ನಿಂತಿದ್ದರು. ನಗಲು ನಮಗೆ ಧೈರ್ಯವಾಗಲಿಲ್ಲ.

ಆಮೇಲೆ ನಮ್ಮ ಓವರ್ಸಿಯರ್ ಶೇಷಗಿರಿರಾಯರು ವಂಕದುದ್ದಕ್ಕೂ ನಡೆದರು. ಮೈಸೂರಿನ ಕಡೆಯವರು, ಬಂಗಾರಪೇಟೆಯಲ್ಲಿ ಮನೆ ಮಾಡಿಕೊಂಡು, ಸೈಕಲ್ಲಿನಲ್ಲಿ ಬರುತ್ತಿದ್ದರು. ಮಾತು ಕಡಿಮೆ. ಒಂದು ಕಡೆ ಯಾರೋ ಮೇಕೆ ದಾಟದಿರಲೆಂದು ವಂಕಕ್ಕೆ ಅಡ್ಡವಾಗಿ ಲಕ್ಕಿಗಿಡದ ಕೊಂಬೆಗಳ ಹೊರೆ ಹಾಕಿದ್ದರು. ಕಲ್ಲುಗೋಡೆ ಹೋಗಿದ್ದರೂ ಆ ಹೊರೆ ಹೋಗಿರಲಿಲ್ಲ. ಅದರ ಹಿಂದೆ ಮರಳು ಮೆಟ್ಟಿಲಿನಂತೆ ನಿಂತು, ಅದರ ಮೇಲೆ ಗರಿಕೆ ಚಿಗುರಿತ್ತು. ರಾಯರು ಅಲ್ಲಿ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಇದನ್ನ ಯಾರಪ್ಪಾ ಕಟ್ಟಿದ್ದು?"

"ಮೇಕೆಯೋರು ಸಾಮಿ. ತೆಗ್ಸಿಬಿಡ್ತೀನಿ."

"ತೆಗೀಬೇಡ. ಇಂಥದ್ದನ್ನೇ ಇನ್ನೂ ಹಾಕೋಣ."

ಹೀಗೆ ನಮ್ಮ ಕೆಲಸದ ರೀತಿ ಬದಲಾಯಿತು. ಲಕ್ಕಿ ಕೊಂಬೆಗಳನ್ನು ತೊಡೆಗಾತ್ರ ಕಟ್ಟುಕಟ್ಟಿ, ವಂಕಕ್ಕೆ ಅಡ್ಡ ಮಲಗಿಸಿ, ಹಸಿ ಗೂಟ ಹೊಡೆದು ನಿಲ್ಲಿಸುವುದು. ನಡು ಸ್ವಲ್ಪ ತಗ್ಗಿರಬೇಕು, ಇಲ್ಲದಿದ್ದರೆ ನೀರು ದಂಡೆಯನ್ನು ತಿನ್ನುತ್ತದೆ. ಲಕ್ಕಿ ಚಿಗುರುತ್ತದೆ, ಬೇರು ಬಿಡುತ್ತದೆ. ಕಟ್ಟು ಕೊಳೆಯುವ ಹೊತ್ತಿಗೆ ಗಿಡ ಹಿಡಿದಿರುತ್ತದೆ. ದಂಡೆಗೆ ಲಾವಂಚ, ಅಂಚಿಗೆ ಜೊಂಡು. ನಾವೇ ನೆಟ್ಟಗೆ ಮಾಡಿದ್ದ ವಂಕವನ್ನು ನಾವೇ ಮತ್ತೆ ಬಳುಕಿಸಿದೆವು. ಕಟ್ಟಿದ ಕಲ್ಲನ್ನು ಕಿತ್ತು ತಿರುವುಗಳಿಗೆ ಹಾಕಿದೆವು.

ಮರು ಬೇಸಿಗೆ ಕಳೆಯುವ ಹೊತ್ತಿಗೆ ಮಡುವನ್ನು ತೋಡಿದ್ದೆವು. ಒಳಗೆ ದೊಡ್ಡ ಕಲ್ಲುಗಳನ್ನು ಸಂದು ಬಿಟ್ಟು ಇಟ್ಟು, ಮೀನಿಗೆ ಅಡಗಲು ಜಾಗ ಮಾಡಿದ್ದೆವು. ನೆಲದೊಳಗಿಂದ ಊಟೆ ನೀರು ಸಣ್ಣಗೆ ಜಿನುಗಿ ಮಡು ತಿಳಿಯಾಗಿ ತುಂಬಿತ್ತು. ಎಮ್ಮೆಗಳು ಕುಡಿದವು, ಏನೂ ಆಗಲಿಲ್ಲ. ಊರಿಗೆ ಜೀವ ಬಂತು. ಈ ಸಲ ಬಾವಿಯ ಜೋಡಿಗಳನ್ನು ಬಿಡೋಣ ಎಂದು ಊರ ಯಜಮಾನ ಬೈಯಣ್ಣ ಸಾರಿದ.

ರಾಯರಿಗೆ ಇದು ತಿಳಿದು ಊರಿಗೇ ಬಂದರು. ಅರಳಿಕಟ್ಟೆಯ ಮೇಲೆ ಕೂತು, ನಾರಾಯಣಮ್ಮನನ್ನೂ ಕರೆಸಿ ಹೇಳಿದರು.

"ನೋಡಮ್ಮ, ಮೊದಲ ನೀರು ಹೋಗಲಿ. ಎರಡನೇದೂ ಹೋಗಲಿ. ಆಮೇಲೆ ಬಿಡಿ. ಬಿಸಿಲಿಗೆ ಆ ದಿಬ್ಬದ ಮರಳಿನ ಮೇಲೆ ಉಪ್ಪಿನ ಹಾಗೆ ಬಿಳೀ ಪೊರೆ ಕಟ್ಟಿದೆಯಲ್ಲ, ಅದೆಲ್ಲ ಮೊದಲ ಮಳೆಗೆ ಕರಗಿ ಬರೋದು. ವಿಷ ಅದರಲ್ಲೇ ಇರೋದು."

"ಎಮ್ಮೆ ಕುಡ್ದೈತೆ ಸಾಮಿ, ಆರಾಮಾಗೈತೆ" ಎಂದ ಬೈಯಣ್ಣ.

"ಎಮ್ಮೆ ಕುಡಿದದ್ದು ಊಟೆ ನೀರು. ಮೇಲಿಂದ ಬಂದದ್ದಲ್ಲ."

"ಎರಡು ನೀರು ಕಳೀಲಿ ಅಂತೀರ. ಅಷ್ಟೊತ್ಗೆ ಮೊಟ್ಟೆ ಇಡೋ ಕಾಲ ಓಗ್ಬುಡ್ತದೆ. ಮೀನು ಮೊದ್ಲ ನೀರ್ಗೇ ಎದ್ದೇಳೋದು ಸಾಮಿ. ಅದೇನು ಓವರ್ಸಿಯರ್ ಅಪ್ಪಣೆ ಕೇಳ್ತದಾ?"

ಎಲ್ಲರೂ ನಕ್ಕರು. ರಾಯರೂ ನಕ್ಕರು. "ಕೇಳೋಲ್ಲ, ನಿಜ. ಆದರೂ ಈ ಒಂದು ವರ್ಷ ತಡೀರಿ" ಎಂದು ಸೈಕಲ್ ಹತ್ತಿದರು. ಅವರಿಗೆ ತಡೆಯುವ ಅಧಿಕಾರವಿರಲಿಲ್ಲ. ಮೀನು ಊರಿನದು.

ಮನೆಗೆ ಬಂದ ಮೇಲೆ ನಾರಾಯಣಮ್ಮ ಒಲೆಯ ಮುಂದೆ ಕೂತು ಸೌದೆ ಮುಂದೂಡಿದಳು. "ಒಂದ್ ಮಳೆಗಾಲ ಆಗ್ಲೇ ಬಾವೀಲೇ ಕಳ್ದವೆ. ಸೊರಗಿ ತಲೆ ದಪ್ಪ ಆಗವೆ, ಮೈ ಇಲ್ಲ. ಇನ್ನೊಂದು ಕಳ್ದ್ರೆ ಉಳೀತಾವಾ? ನೀನೇ ಏಳು" ಎಂದಳು.

ರಾಯರ ಮಾತು ಹೊಸದು. ಮೊದಲ ನೀರಿಗೆ ಬಿಡುವುದು ಅಜ್ಜಂದಿರ ಕಾಲದಿಂದ ಆ ಹಿಂದಿನ ವರ್ಷದ ಹೊರತು ಒಮ್ಮೆಯೂ ತಪ್ಪದ, ಒಮ್ಮೆಯೂ ಕೆಡದ ಪದ್ಧತಿ. ಮೊದಲ ನೀರೆಂದರೆ ನಮಗೆ ಗಂಗೆ. ಅದಕ್ಕೆ ಅರಿಸಿನ ಕುಂಕುಮ ಹಾಕುತ್ತೇವೆ. ಅದು ಕೊಲ್ಲುತ್ತದೆ ಎಂದು ಒಪ್ಪಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ.

ಮಳೆ ಬಂತು. ಬೆಳಿಗ್ಗೆ ವಂಕ ಕೆಂಪಗೆ, ನೊರೆ ಕಟ್ಟಿಕೊಂಡು ಇಳಿಯಿತು. ತಮಟೆಯವರು ಬಂದರು. ನಾರಾಯಣಮ್ಮ ತಲೆಗೆ ಸ್ನಾನ ಮಾಡಿ, ಮೀನುಗಳನ್ನು ದೊಡ್ಡ ಗಡಿಗೆಯಲ್ಲಿ ಇಟ್ಟುಕೊಂಡು, ಸೊಂಟದ ತನಕ ಮಡುವಿಗೆ ಇಳಿದಳು. ಗಡಿಗೆಯ ಬಾಯಿ ನೀರಿಗೆ ತಾಗಿಸಿ ಓರೆ ಮಾಡಿದಳು. ಮೀನು ಒಂದೊಂದೇ ಜಾರಿ, ಬಾಲ ಬಡಿದು, ಕಲ್ಲಿನ ಸಂದುಗಳ ಕಡೆಗೆ ಹೋದವು. ಅವಳು ತಿರುಗಿ ನನ್ನನ್ನು ನೋಡಿ ನಕ್ಕಳು. ಮುಖಕ್ಕೆಲ್ಲ ನೊರೆ ಸಿಡಿದಿತ್ತು. ದೊರೆಸ್ವಾಮಿ, "ಅಕ್ಕಾ, ನಿನ್ ಮಕ್ಳೆಲ್ಲಾ ಇಸ್ಕೂಲ್ಗೆ ಓಗಾಯ್ತು!" ಎಂದು ಕೂಗಿದ.

ಮಧ್ಯಾಹ್ನಕ್ಕೆ ಅವು ಮೇಲೆ ಬಂದವು. ಗಾಳಿ ಕುಡಿಯಲು ಬಂದದ್ದೆಂದುಕೊಂಡೆವು. ಆದರೆ ಕೆಳಗೆ ಹೋಗಲಿಲ್ಲ. ಬಾಯಿ ತೆರೆದುಕೊಂಡು ದಂಡೆಗೆ ಒತ್ತಿಕೊಂಡು ನಿಂತವು. ಆಮೇಲೆ ಒಂದೊಂದೇ ವಾಲಿದವು. ನಾರಾಯಣಮ್ಮ ನೀರಿಗೆ ಇಳಿದು ಸಿಕ್ಕವನ್ನೆಲ್ಲ ಸೆರಗಿನಲ್ಲಿ ಬಾಚಿಕೊಂಡು ಬಾವಿಯ ಕಡೆಗೆ ಓಡಿದಳು. ನಾನೂ ಹಿಂದೆ ಓಡಿದೆ. ಬಾವಿಯ ನೀರಿಗೆ ಬಿಟ್ಟರೂ ಅವು ಏಳಲಿಲ್ಲ. ಸಂಜೆಯ ಹೊತ್ತಿಗೆ ಒಂದೂ ಉಳಿಯಲಿಲ್ಲ.

ಬೈಯಣ್ಣ ಯಾರನ್ನೂ ಬೈಯಲಿಲ್ಲ. ತಲೆವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ. ಸತ್ತ ಮೀನನ್ನು ಯಾರೂ ತಿನ್ನಲಿಲ್ಲ. ಹುಣಸೆ ಮರದ ಕೆಳಗೆ ಗುಂಡಿ ತೋಡಿ ಮುಚ್ಚಿದೆವು. ಊರವರು ಬಾವಿಯ ಮೆಟ್ಟಿಲಿಗೆ ಮುಳ್ಳು ಹಾಕಿದರು. ಕಾಯಲು ಏನೂ ಇಲ್ಲದ ಮೇಲೆ ಹಾಗೆ ಮಾಡಬೇಕಂತೆ. ಆ ತನಕ ಅಂಥದ್ದು ನಡೆದಿರಲಿಲ್ಲವಾದ್ದರಿಂದ ಯಾರು ಹೇಳಿದರೋ ಗೊತ್ತಿಲ್ಲ. ನೀರು ಸೇದುವ ಕಡೆ ಒಬ್ಬ ಹೆಂಗಸು, "ತಾಯೀನೇ ಮಕ್ಳ ಕೈಯಾರೆ ಬಾವೀಗ್ ತಳ್ದಂಗಾಯ್ತು" ಎಂದದ್ದು ನಾರಾಯಣಮ್ಮನ ಕಿವಿಗೆ ಬಿತ್ತು. ಆವತ್ತಿನಿಂದ ಅವಳು ಮೀನು ತಿನ್ನಲಿಲ್ಲ.

ಮಾರನೆಯ ದಿನ ನಾನು ಹೊರಟಾಗ ಅವಳೂ ಬುಟ್ಟಿ ತೆಗೆದುಕೊಂಡಳು.

"ನೀನೆಲ್ಲಿಗೆ?"

"ಕೆಲ್ಸಕ್ಕೆ. ಊಟ ಕಟ್ಟೀವ್ನಿ, ಇಬ್ರಿಗೂ."

ಅಲ್ಲಿಂದ ನಾನು ನಿವೃತ್ತನಾಗುವವರೆಗೂ ಅವಳು ಅದೇ ವಂಕದಲ್ಲಿ ಕೆಲಸ ಮಾಡಿದಳು.

ಆ ಬೆಳಿಗ್ಗೆ ರಾಯರು ಬಂದರು. ಹೇಳಿರಲಿಲ್ಲವೇ ಎಂದು ಕೇಳುತ್ತಾರೆ ಎಂದು ನಾನು ಕಾದೆ. ಅವರು ಟೋಪಿ ತೆಗೆದು ದಂಡೆಯ ಮೇಲೆ ಕೂತರು. ನಾರಾಯಣಮ್ಮ ಮಣ್ಣು ಹೊರುವುದನ್ನು ನೋಡಿದರು. ಆಮೇಲೆ ನನಗೆ ಹೇಳಿದರು: "ಮೀನನ್ನ ತಡೆಯೋಕೆ ಆಗಲಿಲ್ಲ. ಮೊದಲ ನೀರನ್ನೇ ತಡೆಯೋಣ."

ಹೊಸಬರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ದಿಬ್ಬದ ಬುಡದಲ್ಲಿ ಒಂದು ದೊಡ್ಡ ಹೊಂಡ ತೋಡಿದೆವು. ವರ್ಷದ ಮೊದಲ ಮಳೆಯ ನೀರು ವಂಕಕ್ಕೆ ಬೀಳದೆ ಆ ಹೊಂಡಕ್ಕೆ ಹೋಗುವಂತೆ ತೋಡು ತಿರುಗಿಸಿದೆವು. ಹೊಂಡದ ತಳಕ್ಕೆ ಸುಣ್ಣಕಲ್ಲು ತುಂಬಿದೆವು. ದಿಬ್ಬದಿಂದ ಇಳಿಯುವ, ಆಮ್ಲ ಬೆರೆತ ಹುಳಿನೀರು ಅದರ ಮೇಲೆ ನಿಂತು ಮೆತ್ತಗಾಗುತ್ತದೆ. ದಿಬ್ಬದಲ್ಲಿ ಕರಗುವುದೆಲ್ಲ ಕರಗಿದ ಮೇಲೆ, ಬಾಯಿಗೆ ಹಾಕಿದರೆ ನಾಲಿಗೆ ಜೋಮು ಹಿಡಿಯದ ನೀರು ಬಂದ ಮೇಲೆ, ತೋಡಿನ ಹಲಗೆ ತೆಗೆದು ವಂಕಕ್ಕೆ ಬಿಡುವುದು. ಬಾಯಿಗೆ ಹಾಕುವ ಪರೀಕ್ಷೆ ಈಗ ಮಾಡಬೇಡಿ. ರಾಯರಿಗೆ ತಿಳಿದಾಗ ಅವರು ನಮ್ಮನ್ನು ಗದರಿಸಿ, ನೀರಿನಲ್ಲಿ ಹುಳಿ ಇದ್ದರೆ ಬಣ್ಣ ಬದಲಾಗುವ ಕಾಗದದ ಪಟ್ಟಿ ತರಿಸಿಕೊಟ್ಟರು. ದಿಬ್ಬದ ಪಕ್ಕೆಗೆ ಕೆಮ್ಮಣ್ಣು ಹೊದಿಸಿ ಹುಲ್ಲು ಹಾಕಿದೆವು. ಮೊದಲ ಸಲ ಒಣಗಿತು. ಎರಡನೆಯ ಸಲವೂ ಒಣಗಿತು. ಸಗಣಿಗೊಬ್ಬರ ಸೇರಿಸಿ ಮಣ್ಣನ್ನು ಇನ್ನಷ್ಟು ದಪ್ಪ ಹಾಕಿದ ಮೇಲೆ ಅಲ್ಲಲ್ಲಿ ಹಿಡಿಯಿತು.

ವರ್ಷಗಳು ಹೀಗೆಯೇ ಹೋದವು. ಹೇಳಲು ಹೆಚ್ಚಿಲ್ಲ. ಮಳೆಗಾಲದಲ್ಲಿ ಕಟ್ಟು ಕಿತ್ತುಹೋಗುವುದು, ಬೇಸಿಗೆಯಲ್ಲಿ ಮತ್ತೆ ಕಟ್ಟುವುದು. ದನದವರು ಬೇಲಿ ಕಿತ್ತು ಜೊಂಡಿಗೆ ದನ ಬಿಡುವರು. ಜಗಳವಾಡಿ ಪ್ರಯೋಜನವಿಲ್ಲ, ದನಕ್ಕೆ ನೀರು ಕುಡಿಯಲು ಒಂದು ಕಡೆ ಕಲ್ಲುಹಾಸಿನ ಇಳಿಜಾರು ಮಾಡಿಕೊಟ್ಟರೆ ಉಳಿದ ದಂಡೆ ಉಳಿಯುತ್ತದೆ. ಇದನ್ನು ಕಲಿಯಲು ನಮಗೆ ಬಹಳ ಜಗಳ ಬೇಕಾಯಿತು. ಲಕ್ಕಿಯ ಗೂಟವನ್ನು ತಲೆಕೆಳಗಾಗಿ ನೆಟ್ಟು, ಒಂದು ತಿರುವು ಪೂರ್ತಿ ಚಿಗುರದೆ ಹೋದದ್ದೂ ಉಂಟು. ಆವತ್ತು ನಾರಾಯಣಮ್ಮ ದೊರೆಸ್ವಾಮಿಗೆ, "ನಿನ್ನ ತಲೆಕೆಳಗ್ ಮಾಡಿ ನಿಲ್ಸಿದ್ರೆ ಕೂದ್ಲು ಬೆಳೀತದೇನೋ?" ಎಂದಳು. ಅವನ ತಲೆ ಬೋಳು. ಅವನು ಬಗ್ಗಿ ತೋರಿಸಿದ.

ದೊರೆಸ್ವಾಮಿ ಗಣಿಯಲ್ಲಿದ್ದಾಗಲೇ ಹಿಡಿದಿದ್ದ ಕೆಮ್ಮಲಿನಲ್ಲೇ ಒಂದು ಚಳಿಗಾಲ ಹೋದ. ಕೊನೆಯ ದಿನಗಳಲ್ಲೂ ದಂಡೆಗೆ ಬಂದು ಕೂರುತ್ತಿದ್ದ. ಅವನ ಜಾಗಕ್ಕೆ ಬಂದವರು ಒಳ್ಳೆಯ ಕೆಲಸಗಾರರೇ. ಆದರೆ ಗುಂಪಿನಲ್ಲಿ ನಗು ಕಡಿಮೆಯಾಯಿತು.

ರಾಯರಿಗೆ ವರ್ಗವಾಯಿತು. ಹೊಸ ಅಧಿಕಾರಿ ಬಂದು ವಂಕದ ದಂಡೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದರು.

"ಕೆಲಸ ಎಲ್ಲಿ?" ಎಂದರು.

"ಇದೇ ಸಾಮಿ."

"ಇಲ್ಲಿ ಬರೀ ಗಿಡ ಇದೆಯಲ್ಲಯ್ಯ. ನೀವು ಕಟ್ಟಿದ್ದು ತೋರಿಸು."

ಜೊಂಡು ಬಗೆದು, ಒಳಗೆ ಕೊಳೆತ ಕಟ್ಟಿನ ಗೂಟ ತೋರಿಸಿದೆ. ಅವರಿಗೆ ತೃಪ್ತಿಯಾಗಲಿಲ್ಲ. ಈ ಕೆಲಸ ಸರಿಯಾಗಿ ಆದರೆ ಕಾಣುವುದಿಲ್ಲ. ಹೊಗಳಿಕೆ ಬೇಕಿದ್ದವರು ಸೇತುವೆ ಕಟ್ಟುವ ಕಡೆ ಹೋಗುವುದು ಒಳ್ಳೆಯದು.

ಜೀವಗಳು ಬಂದದ್ದು ತಮ್ಮದೇ ಕ್ರಮದಲ್ಲಿ. ಮೊದಲು ನೀರಿನ ಮೇಲೆ ಓಡುವ ಹುಳುಗಳು. ಆಮೇಲೆ ಕಪ್ಪೆ. ಕಪ್ಪೆ ಕೂಗಿದ ದಿನ ನಾರಾಯಣಮ್ಮ ಬುಟ್ಟಿ ಇಳಿಸಿ ನಿಂತು ಕೇಳಿದಳು. ಎಷ್ಟೋ ಕಾಲದ ಮೇಲೆ ಏಡಿ ಕಂಡಿತು. ಪಾಲಾರಿನ ಕಡೆಯಿಂದ ಸಣ್ಣ ಮೀನುಗಳು ಹತ್ತಿ ಬಂದವು. ಅವುಗಳ ಹಿಂದೆ ಮಿಂಚುಳ್ಳಿ. ಕೊರಮೀನು ಮಾತ್ರ ತಾನಾಗಿ ಬರಲಿಲ್ಲ. ನಡುವೆ ಕೆಳಗಿನ ಊರಿನ ಎತ್ತರದ ಕಟ್ಟೆ ಇತ್ತು; ಅದರ ಕಲ್ಲಿನ ಸಂದುಗಳಲ್ಲಿ ಸಣ್ಣ ಮೀನಷ್ಟೇ ನುಸುಳಿ ಬರಬಲ್ಲದು.

"ತರೋಣ" ಎಂದಳು ಒಂದು ದಿನ. ಏನನ್ನು ಎಂದು ನಾನು ಕೇಳಲಿಲ್ಲ.

ಬಂಗಾರಪೇಟೆಯ ಕಡೆಯ ಒಂದು ಕೆರೆಯಲ್ಲಿ ಕೊರಮೀನು ಇತ್ತು. ಬೆಸ್ತರಿಂದ ಒಳ್ಳೆಯ ಜೋಡಿಗಳನ್ನು ಆರಿಸಿ, ತಾಮ್ರದ ಹಂಡೆಯಲ್ಲಿ ಕೆಸರುನೀರು ಹಾಕಿ, ಬಾಯಿಗೆ ಒದ್ದೆ ಗೋಣಿ ಕಟ್ಟಿ, ಚಿನ್ನದ ಗಣಿಯ ರೈಲು ಹತ್ತಿದೆವು. ದಾರಿಯಲ್ಲಿ ಹಂಡೆಯೊಳಗೆ ಧಡ್ ಎಂದು ಹೊಡೆದ ಸದ್ದಾಯಿತು. ಟಿಕೆಟ್ ನೋಡಲು ಬಂದವನು ಬೆಚ್ಚಿದ.

"ಏನಮ್ಮ ಅದು?"

"ಮೀನು ಸಾಮಿ."

"ಬದುಕಿದೆಯಾ?"

"ಬದ್ಕಿಲ್ದಿದ್ರೆ ಯಾಕ್ ಇಂಗ್ ಹೊಡ್ಕೊಳ್ತಾವೆ?"

"ಸತ್ತಿದ್ರೆ ಸಾಮಾನು. ಬದುಕಿದ್ರೆ ಪ್ರಯಾಣಿಕರು. ಇವಕ್ಕೆ ಟಿಕೆಟ್ ಎಲ್ಲಿ?"

"ತೊಡೆ ಮೇಲ್ ಕೂತಿರೋ ಕೂಸಿಗೆ ಟಿಕೆಟ್ ಕೇಳ್ತೀರಾ ಸಾಮಿ?" ಎಂದಳು ಅವಳು. ಹಂಡೆಯನ್ನು ನಿಜಕ್ಕೂ ತೊಡೆಯ ಮೇಲೆ ಎಳೆದುಕೊಂಡಳು. ಡಬ್ಬಿಯಲ್ಲಿದ್ದವರೆಲ್ಲ ನಕ್ಕರು, ಅವನೂ ನಕ್ಕು ಮುಂದೆ ಹೋದ. ಮೀನು ಸತ್ತ ದಿನದಿಂದ ಅವಳು ಹೊರಗಿನವರ ಎದುರು ಹಾಗೆ ಮಾತಾಡಿದ್ದು ನಾನು ಕಂಡಿರಲಿಲ್ಲ.

ಆ ಸಲ ಮೊದಲ ನೀರು ಹೊಂಡಕ್ಕೆ ಹೋಯಿತು. ಎರಡನೆಯದೂ ಹೋಯಿತು. ಕಾಗದದ ಪಟ್ಟಿ ಬಣ್ಣ ಬದಲಿಸುವುದು ನಿಂತ ಮೇಲೆ ಮಡುವಿಗೆ ಬಿಟ್ಟೆವು. ತಮಟೆ ಇರಲಿಲ್ಲ. ಮುದುಕನಾಗಿದ್ದ ಬೈಯಣ್ಣ ಕೋಲೂರಿಕೊಂಡು ಬಂದು ದಂಡೆಯ ಮೇಲೆ ಸಂಜೆಯವರೆಗೂ ಕೂತಿದ್ದ. ಮೀನು ಬದುಕಿದವು. ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುತ್ತಿದ್ದವು. ಎದ್ದು ಹೋಗುವಾಗ ಬೈಯಣ್ಣ ನಾರಾಯಣಮ್ಮನ ಮುಂದೆ ನಿಂತ.

"ಮರಿ ಗುಂಪು ಕಂಡ ದಿನ ಏಳವ್ವಾ. ಬಾವಿ ಮುಳ್ಳು ನಾನೇ ಬಂದ್ ತೆಗೀತೀನಿ."

"ಏಳ್ತೀನಿ ಮಾವ" ಎಂದಳು.

ಆ ಮಳೆಗಾಲ ಮರಿ ಕಾಣಲಿಲ್ಲ. ದಾರಿಯ ಆಯಾಸ, ಮುಂದಿನ ವರ್ಷ ಇಡುತ್ತವೆ ಎಂದುಕೊಂಡೆವು. ಮುಂದಿನ ವರ್ಷವೂ ಇಲ್ಲ. ಮಡುವಿನ ಅಂಚಿನಲ್ಲಿ ಜೊಂಡು ಸಾಲದೇನೋ ಎಂದು ಇನ್ನಷ್ಟು ನೆಟ್ಟೆವು. ಕೊರಮೀನು ಜೊಂಡಿನ ನಡುವೆ ಗೂಡಿನಂತೆ ಜಾಗ ಮಾಡಿಕೊಂಡು ಮೊಟ್ಟೆ ಇಡುತ್ತದೆ. ನೆರಳು ಹೆಚ್ಚಾಯಿತೇನೋ ಎಂದು ನೇರಳೆಯ ಕೊಂಬೆ ಕಡಿದೆವು. ರಾಯರಿಗೆ ಕಾಗದ ಬರೆದೆವು. ಮರಳಿನಲ್ಲಿ ಉಳಿದದ್ದೇನೋ ಮೊಟ್ಟೆಗೆ ಆಗುತ್ತಿಲ್ಲವೇನೋ, ದೊಡ್ಡ ಮೀನು ತಡೆದುಕೊಂಡದ್ದನ್ನು ಮೊಟ್ಟೆ ತಡೆಯಲಾರದೇನೋ, ತಮಗೂ ಖಚಿತವಾಗಿ ತಿಳಿಯದು ಎಂದು ಅವರು ಉತ್ತರ ಬರೆದರು. ಮತ್ತೊಮ್ಮೆ ಹೊಸ ಜೋಡಿ ತಂದೆವು. ಬೈಯಣ್ಣ ತೀರಿಕೊಂಡ. ಯುದ್ಧ ಬಂತು, ಆಳುಗಳು ಕಡಿಮೆಯಾದರು. ಯುದ್ಧ ಮುಗಿಯುವ ಹೊತ್ತಿಗೆ ನನಗೂ ನಿವೃತ್ತಿಯಾಯಿತು.

ಮಳೆ ಹಿಡಿದ ಮೇಲೆ ಪ್ರತಿ ಬೆಳಿಗ್ಗೆ ನಾರಾಯಣಮ್ಮ ಮಡುವಿಗೆ ಹೋಗಿ ಬರುತ್ತಿದ್ದಳು. ಬಂದವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು; ನಾನು ಕೇಳುತ್ತಿರಲಿಲ್ಲ. ಕಳೆದ ಮಾಘದಲ್ಲಿ ಜ್ವರ ಬಂತು. ಮಲಗಿದ್ದಲ್ಲಿಂದಲೇ, "ಹೊಂಡದ್ ಸುಣ್ಣಕಲ್ಲು ಬದ್ಲಾಯ್ಸಿದ್ರಾ?" ಎಂದು ಕೇಳಿದಳು. ಬದಲಾಯಿಸಿದ್ದಾರೆ ಎಂದೆ. ನಿಜವಾಗಿಯೂ ಬದಲಾಯಿಸಿದ್ದರು. ಮೂರನೆಯ ದಿನ ಹೋದಳು.

ಹೊಸಬರಿಗೆ ಹೇಳುವುದು ಇಷ್ಟೇ. ನೀರನ್ನು ನಿಧಾನ ಮಾಡಿ. ದಂಡೆಯನ್ನು ಬೇರಿನಿಂದ ಹಿಡಿಯಿರಿ. ಎಲ್ಲೆಲ್ಲೂ ಸರಿಹೋಗುವ ಪದ್ಧತಿ ದಿಬ್ಬದ ಕೆಳಗೆ ಸರಿಹೋಗದಿರಬಹುದು. ಅದನ್ನು ಹೇಳಲು ಬಂದವರ ಮಾತನ್ನು ಕೇಳಿ. ಸುಣ್ಣಕಲ್ಲನ್ನು ಪ್ರತಿ ಬೇಸಿಗೆ ಬದಲಾಯಿಸಿ, ಯಾರೂ ನೋಡದಿದ್ದರೂ.

ಈ ವರ್ಷ ಮಳೆ ಹಿಡಿದ ಮೇಲೆ ಬೆಳಿಗ್ಗೆ ನಾನು ಹೋಗಿ ಬರುತ್ತಿದ್ದೇನೆ. ನೀರು ತಿಳಿಯಾಗಿದೆ. ಜೊಂಡು ಆಳೆತ್ತರ ಬೆಳೆದಿದೆ. ಕಪ್ಪೆ, ಏಡಿ, ಸಣ್ಣ ಮೀನು ಎಲ್ಲ ಇವೆ. ನಿನ್ನೆ ದೊಡ್ಡ ಕೊರಮೀನು ಎದ್ದು ಗಾಳಿ ಕುಡಿದು ಮುಳುಗಿದ್ದನ್ನು ಕಂಡೆ. ಮರಿಗಳಿಲ್ಲ.